ಸತ್ಯವೇದಕ್ಕೆ ಕನ್ನಡದ ಮಾತು ಕೊಟ್ಟ ಬಳ್ಳಾರಿಯ ಜಾನ್ ಹ್ಯಾಂಡ್ಸ್

ಬಳ್ಳಾರಿಯಿಂದ ಸಿರುಗುಪ್ಪದತ್ತ ಸಾಗುವ ದಾರಿಯಲ್ಲಿ ಸಿಗುವ ತೆಕ್ಕಲಕೋಟೆಯ ಹೆಸರು ಕೇಳಿದೊಡನೆ ಇತಿಹಾಸಾಸಕ್ತರಿಗೆ ನೆನಪಾಗುವುದು ಅಲ್ಲಿನ ಬೆಟ್ಟಗಳ ನವಶಿಲಾಯುಗದ ನೆಲೆ. 1960ರ ದಶಕದಲ್ಲಿ ಪುರಾತತ್ವಜ್ಞ ಡಾ. ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನ ಈ ಊರನ್ನು ವಿದ್ವಾಂಸರ ಗಮನಕ್ಕೆ ತಂದಿತು. ಅಷ್ಟು ಪ್ರಾಚೀನವಲ್ಲದಿದ್ದರೂ ಇದೇ ಸೀಮೆಗೆ ಸೇರಿದ ಇನ್ನೊಂದು ಇತಿಹಾಸವಿದೆ. ಅದು ಕಲ್ಲಿನದಲ್ಲ, ಕಾಗದದ್ದು. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ತೆಕ್ಕಲಕೋಟೆಗಳ ಈ ನಾಡಿನಲ್ಲಿ, ಹಾಗೆಯೇ ಬೆಂಗಳೂರು, ಮಂಗಳೂರು, ಧಾರವಾಡಗಳಲ್ಲಿ, ಕನ್ನಡ ಕ್ರೈಸ್ತ ಸಭೆಗಳ ಜನರು ವಾರಕ್ಕೊಮ್ಮೆ ಕೂಡಿ ಕುಳಿತು ಬೈಬಲ್ಲಿನ ಅಧ್ಯಾಯವೊಂದನ್ನು ಬಿಡಿಸಿ ಬಿಡಿಸಿ ಓದುತ್ತಾರೆ. ಅವರ ಕೈಯಲ್ಲಿರುವ ಕನ್ನಡ ಸತ್ಯವೇದದ ಮೊದಲ ಸಂಪೂರ್ಣ ರೂಪ ಸಿದ್ಧವಾದದ್ದು ಬಳ್ಳಾರಿಯಲ್ಲಿ. ಅದರ ಹಿಂದಿದ್ದ ಪ್ರಮುಖ ವ್ಯಕ್ತಿ ಲಂಡನ್ ಮಿಷನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್.

ಕನ್ನಡಕ್ಕೆ ದುಡಿದ ಪಾಶ್ಚಾತ್ಯರೆಂದರೆ ಸಾಮಾನ್ಯ ಓದುಗರಿಗೆ ಮೊದಲು ಹೊಳೆಯುವ ಹೆಸರು ಫರ್ಡಿನೆಂಡ್ ಕಿಟೆಲ್ ಅವರದು. 1894ರಲ್ಲಿ ಪ್ರಕಟವಾದ ಅವರ ನಿಘಂಟು ಇಂದಿಗೂ ಬಳಕೆಯಲ್ಲಿದೆ. ಅದಕ್ಕೂ ಎಂಟು ದಶಕಗಳಷ್ಟು ಮೊದಲೇ ಬಳ್ಳಾರಿಯಲ್ಲಿ ಕನ್ನಡ ಕಲಿಯಲು ಕುಳಿತ ಹ್ಯಾಂಡ್ಸ್ ಅವರ ಹೆಸರು ಚರ್ಚಿನ ಚರಿತ್ರೆಯಲ್ಲಿ ಪ್ರಸಿದ್ಧವಾದರೂ ಹೊರಗಿನ ಜನರ ನೆನಪಿನಲ್ಲಿ ಅಷ್ಟಾಗಿ ಉಳಿದಿಲ್ಲ. ಅದಕ್ಕೊಂದು ಕಾರಣವೂ ಇದೆ. ನಿಘಂಟಿನ ಮೇಲೆ ಕರ್ತೃವಿನ ಹೆಸರಿರುತ್ತದೆ. ಬೈಬಲ್ ಅನುವಾದದ ಮೇಲೆ ಅನುವಾದಕನ ಹೆಸರಿರುವುದಿಲ್ಲ.

ಶ್ರೀರಂಗಪಟ್ಟಣ ತಪ್ಪಿ ಬಳ್ಳಾರಿಗೆ

ಹ್ಯಾಂಡ್ಸ್ ಅವರನ್ನು ಭಾರತಕ್ಕೆ ಕಳುಹಿಸಿದ ಸಂಸ್ಥೆ 1795ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಮಿಷನರಿ ಸೊಸೈಟಿ. ಮುಂದೆ ಅದು ಲಂಡನ್ ಮಿಷನರಿ ಸೊಸೈಟಿ ಎಂದು ಹೆಸರಾಯಿತು. ಆ ಕಾಲದಲ್ಲಿ ಈ ಸಂಸ್ಥೆ ತನ್ನ ಯುವಕರನ್ನು ತರಬೇತಿಗಾಗಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಗಾಸ್ಪೋರ್ಟ್ ಪಟ್ಟಣಕ್ಕೆ ಕಳುಹಿಸುತ್ತಿತ್ತು. ಅಲ್ಲಿ ಡೇವಿಡ್ ಬೋಗ್ ಎಂಬ ಗುರುಗಳ ವಿದ್ಯಾಲಯವಿತ್ತು. ಬೋಗ್ ಅವರ ಪಾಠಗಳನ್ನು ವಿದ್ಯಾರ್ಥಿಗಳು ತಮ್ಮ ಕೈಯಾರೆ ಬರೆದುಕೊಂಡು, ಆ ಹಸ್ತಪ್ರತಿಗಳನ್ನೇ ಹಡಗಿನಲ್ಲಿ ದೂರದ ದೇಶಗಳಿಗೆ ಒಯ್ಯುತ್ತಿದ್ದರು. ಗ್ರಂಥವೊಂದನ್ನು ವಿಷಯವಾರು ವಿಂಗಡಿಸಿ, ಒಂದು ಭಾಗವನ್ನು ಇನ್ನೊಂದು ಭಾಗದ ಬೆಳಕಿನಲ್ಲಿ ಓದುವ ಶಿಸ್ತನ್ನು ಅವರು ಅಲ್ಲಿ ಕಲಿತರು.

ಹ್ಯಾಂಡ್ಸ್ ಅವರಿಗೆ ಮೊದಲು ಗೊತ್ತುಮಾಡಿದ್ದ ಸ್ಥಳ ಶ್ರೀರಂಗಪಟ್ಟಣ. ಆದರೆ ಆ ದಿನಗಳು ಅನುಕೂಲಕರವಾಗಿರಲಿಲ್ಲ. 1806ರ ವೆಲ್ಲೂರು ಸಿಪಾಯಿ ದಂಗೆಯ ನಂತರ ಧರ್ಮಪ್ರಚಾರಕರ ವಿಷಯದಲ್ಲಿ ಕಂಪನಿ ಸರ್ಕಾರ ಬಹಳ ಎಚ್ಚರದಿಂದಿತ್ತು. 1809ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಕಂಪನಿಯ ಇಂಗ್ಲಿಷ್ ಸೇನಾಧಿಕಾರಿಗಳು ಮದರಾಸು ಸರ್ಕಾರದ ವಿರುದ್ಧ ತಿರುಗಿಬಿದ್ದಿದ್ದರು. ಅಂತಿಮವಾಗಿ 1810ರಲ್ಲಿ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದರು.

ಬಳ್ಳಾರಿ ಆಗ ಕಂಪನಿಗೆ ಹೊಸ ಪ್ರಾಂತ. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದರು. ದತ್ತ ಮಂಡಲ ಎಂದು ಹೆಸರಾದ ಈ ಪ್ರದೇಶದ ಮೊದಲ ಮುಖ್ಯ ಕಲೆಕ್ಟರರಾಗಿ ಥಾಮಸ್ ಮನ್ರೋ 1807ರವರೆಗೆ ಆಡಳಿತ ನಡೆಸಿ, ರೈತವಾರಿ ಕಂದಾಯ ಪದ್ಧತಿಗೆ ಇಲ್ಲಿ ಆಕಾರ ಕೊಟ್ಟಿದ್ದರು. ಬಳ್ಳಾರಿಯ ಕೋಟೆ ಬೆಟ್ಟದ ಸುತ್ತ ದಂಡುಪ್ರದೇಶ ಬೆಳೆಯುತ್ತಿತ್ತು. ಕೋಟೆಯ ಕೆಳಗೆ ಇಂಗ್ಲಿಷ್ ಸಿಪಾಯಿಗಳು, ತಮಿಳು ಮಾತನಾಡುವ ದಂಡಿನ ಪರಿವಾರ, ಉರ್ದು ಮತ್ತು ಮರಾಠಿ ಬಲ್ಲ ವ್ಯಾಪಾರಿಗಳು. ಹೊರಗಿನ ಹಳ್ಳಿಗಳಲ್ಲಿ ಕನ್ನಡ ಹಾಗೂ ತೆಲುಗು. ಒಂದೇ ಸಂತೆಯಲ್ಲಿ ಐದು ಭಾಷೆ ಕೇಳಿಸುವ ಇಂತಹ ಊರಿನಲ್ಲಿ ಹ್ಯಾಂಡ್ಸ್ ತಮ್ಮ ಮುಖ್ಯ ಕೆಲಸಕ್ಕೆ ಕನ್ನಡವನ್ನು ಆರಿಸಿಕೊಂಡರು.

ನಿಘಂಟಿಲ್ಲದ ಕಾಲದ ಕಲಿಕೆ

ಅಂದು ಕನ್ನಡ ಕಲಿಯಲು ಬಂದ ಪರಭಾಷಿಕನಿಗೆ ನೆರವಾಗುವ ಅಚ್ಚಾದ ಪುಸ್ತಕವೊಂದೂ ಇರಲಿಲ್ಲ. ವಿಲಿಯಂ ಕೇರಿ ಅವರ ಕನ್ನಡ ವ್ಯಾಕರಣ ಬಂಗಾಳದ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಜಾನ್ ಮೆಕೆರಲ್ ಅವರ ವ್ಯಾಕರಣ ಮದರಾಸಿನಲ್ಲಿ ಹೊರಬಂದದ್ದು 1820ರಲ್ಲಿ. ಆದ್ದರಿಂದ ಹ್ಯಾಂಡ್ಸ್ ಊರಿನ ಮುನ್ಷಿಗಳ ಮುಂದೆ ಕುಳಿತು, ಕೇಳಿದ್ದನ್ನು ಬರೆದುಕೊಂಡು, ಬರೆದದ್ದನ್ನು ಮತ್ತೆ ಓದಿ ಹೇಳಿ, ಶಬ್ದ ಶಬ್ದವಾಗಿ ಭಾಷೆಯನ್ನು ಒಲಿಸಿಕೊಳ್ಳಬೇಕಾಯಿತು.

ಇದಕ್ಕಿಂತ ದೊಡ್ಡ ತೊಡಕು ಮತ್ತೊಂದಿತ್ತು. ಪಂಡಿತರು ಗೌರವಿಸುತ್ತಿದ್ದ ಕನ್ನಡ ಸಾಹಿತ್ಯವು ಚಂಪೂ, ಷಟ್ಪದಿ, ಸಾಂಗತ್ಯಗಳ ಪದ್ಯರೂಪದಲ್ಲಿತ್ತು. ವಚನಗಳು ಇದ್ದವಾದರೂ ಅವು ಓಲೆಗರಿಗಳಲ್ಲಿ, ಮಠಗಳಲ್ಲಿ, ಜನರ ಬಾಯಲ್ಲಿ ಇದ್ದವು. ಅಚ್ಚಿನ ಲೋಕಕ್ಕೆ ಇನ್ನೂ ಬಂದಿರಲಿಲ್ಲ. ಸುದೀರ್ಘ ಕಥನವನ್ನು ನೇರ ಗದ್ಯದಲ್ಲಿ ಹೇಳುವ ಮಾದರಿಗಳು ವಿರಳವಾಗಿದ್ದವು. ಹೊಸಗನ್ನಡ ಗದ್ಯದ ಮುಂಗೋಳಿ ಎಂದು ಪರಿಗಣಿಸಲಾಗುವ ಕೆಂಪುನಾರಾಯಣರ ಮುದ್ರಾಮಂಜೂಷ ರಚಿತವಾದದ್ದು 1823ರಲ್ಲಿ. ಹ್ಯಾಂಡ್ಸ್ ಅವರ ಕೆಲಸ ನಡೆದದ್ದು ಅದೇ ಕಾಲದಲ್ಲಿ. ಒಂದು ಅರಮನೆಯ ಆಶ್ರಯದ ವಿದ್ವಾಂಸರ ಗದ್ಯ. ಇನ್ನೊಂದು ದಂಡಿನ ಊರಿನ ಪರದೇಶಿಯ ಗದ್ಯ. ಎರಡೂ ಪದ್ಯದ ದಡ ಬಿಟ್ಟು ಗದ್ಯದ ಹೊಳೆಗೆ ಇಳಿದವು ಎಂಬುದು ಗಮನಾರ್ಹ.

ಓದು ಬಂದರೂ ಅರ್ಥ ಬಾರದ ಶಾಲೆಗಳು

ಆ ಕಾಲದ ಬಳ್ಳಾರಿ ಜಿಲ್ಲೆಯ ವಿದ್ಯಾಭ್ಯಾಸದ ಸ್ಥಿತಿ ಹೇಗಿತ್ತೆಂಬುದಕ್ಕೆ ಅಧಿಕೃತ ದಾಖಲೆಯೊಂದಿದೆ. 1823ರಲ್ಲಿ ಜಿಲ್ಲೆಯ ಕಲೆಕ್ಟರರಾಗಿದ್ದ ಎ.ಡಿ. ಕ್ಯಾಂಪ್‌ಬೆಲ್ ಅವರು ಮದರಾಸು ಸರ್ಕಾರಕ್ಕೆ ಸಲ್ಲಿಸಿದ ವರದಿ ಅದು. ತೆಲುಗು ವ್ಯಾಕರಣವನ್ನು ಬರೆದ ವಿದ್ವಾಂಸರೂ ಆಗಿದ್ದ ಕ್ಯಾಂಪ್‌ಬೆಲ್, ಜಿಲ್ಲೆಯಲ್ಲಿ 533 ಶಾಲೆಗಳಿವೆಯೆಂದೂ ಅವುಗಳಲ್ಲಿ 6,641 ಮಕ್ಕಳು ಕಲಿಯುತ್ತಿದ್ದಾರೆಂದೂ ಲೆಕ್ಕ ಕೊಟ್ಟರು. ಅವುಗಳಲ್ಲಿ ಕನ್ನಡ ಶಾಲೆಗಳು 235. ತೆಲುಗು ಶಾಲೆಗಳು 226. ಅಷ್ಟು ಮಕ್ಕಳ ನಡುವೆ ಹೆಣ್ಣುಮಕ್ಕಳ ಸಂಖ್ಯೆ ಕೇವಲ 60.

ಆ ವರದಿಯ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು. ಶಾಲೆಗಳಲ್ಲಿ ಓದಿಸುವ ಕಾವ್ಯಗಳ ಭಾಷೆ ಮನೆಯ ಭಾಷೆಗಿಂತ ತೀರ ಭಿನ್ನವಾಗಿತ್ತು. ಮಕ್ಕಳು ಪದ್ಯಗಳನ್ನು ಉರು ಹೊಡೆದು ನಿರರ್ಗಳವಾಗಿ ಒಪ್ಪಿಸುತ್ತಿದ್ದರು. ಆದರೆ ಅವುಗಳ ಅರ್ಥ ಅವರಿಗೆ ತಿಳಿಯುತ್ತಿರಲಿಲ್ಲ. ಅನೇಕ ವೇಳೆ ಕಲಿಸುವವರಿಗೂ ತಿಳಿಯುತ್ತಿರಲಿಲ್ಲ ಎಂದು ಕ್ಯಾಂಪ್‌ಬೆಲ್ ಗುರುತಿಸಿದ್ದರು.

ಹ್ಯಾಂಡ್ಸ್ ಅವರೂ ಬಳ್ಳಾರಿಯಲ್ಲಿ ಶಾಲೆಗಳನ್ನು ತೆರೆದರು. ಯುರೋಪಿಯನ್ ಹಾಗೂ ಮಿಶ್ರ ಮೂಲದ ಮಕ್ಕಳಿಗೆ ಇಂಗ್ಲಿಷ್ ಪಾಠ, ಸ್ಥಳೀಯ ಮಕ್ಕಳಿಗೆ ದೇಶಭಾಷೆಯ ಪಾಠ ನಡೆಯಿತು. ಆ ಮಿಷನ್ನಿನ ಶಿಕ್ಷಣ ಕಾರ್ಯ ಮುಂದುವರಿದು 1846ರಲ್ಲಿ ವಾರ್ಡ್ಲಾ ವಿದ್ಯಾಸಂಸ್ಥೆಯ ಸ್ಥಾಪನೆಗೆ ದಾರಿಯಾಯಿತು. ಆದರೆ ಓದಿದ್ದು ಅರ್ಥವಾಗಬೇಕು ಎಂಬ ಪ್ರಶ್ನೆ ಶಾಲೆಯ ಗೋಡೆಗಳೊಳಗೆ ಮುಗಿಯುವಂಥದ್ದಾಗಿರಲಿಲ್ಲ. ಅವರ ಮೇಜಿನ ಮೇಲಿದ್ದ ಅನುವಾದಕ್ಕೂ ಅದೇ ಪ್ರಶ್ನೆ ಎದುರಾಗಿತ್ತು. ಪಂಡಿತರು ಮೆಚ್ಚುವ ಭಾಷೆಯಲ್ಲಿ ಬರೆದರೆ ಸಂತೆಯ ಜನರಿಗೆ ತಿಳಿಯದು. ಸಂತೆಯ ಮಾತಿನಲ್ಲಿ ಬರೆದರೆ ಪಂಡಿತರು ಅದನ್ನು ಗ್ರಂಥವೆಂದೇ ಒಪ್ಪರು.

ಒಂದೊಂದು ಶಬ್ದವೂ ಒಂದು ತೀರ್ಮಾನ

ಬೈಬಲ್ ಎಂಬುದು ಒಂದು ಪುಸ್ತಕವಲ್ಲ. ಹಳೆಯ ಒಡಂಬಡಿಕೆಯ 39, ಹೊಸ ಒಡಂಬಡಿಕೆಯ 27, ಒಟ್ಟು 66 ಪುಸ್ತಕಗಳ ಸಂಪುಟ. ಚರಿತ್ರೆ, ಕಾನೂನು, ಕಾವ್ಯ, ಗಾದೆ, ಪತ್ರ ಎಲ್ಲವೂ ಅದರಲ್ಲಿ ಸೇರಿವೆ. ಇವೆಲ್ಲಕ್ಕೂ ಹೊಂದುವ ಕನ್ನಡವನ್ನು ಹುಡುಕುವುದೆಂದರೆ ಒಂದೊಂದು ಶಬ್ದಕ್ಕೂ ಒಂದು ತೀರ್ಮಾನ ತೆಗೆದುಕೊಳ್ಳುವುದೆಂದೇ ಅರ್ಥ. ಹ್ಯಾಂಡ್ಸ್ ಅವರಿಂದ ಆರಂಭವಾಗಿ, ನಂತರದ ಹಲವು ಪರಿಷ್ಕರಣೆಗಳಲ್ಲಿ ಬೆಳೆದು ಇಂದಿನ ಸತ್ಯವೇದದಲ್ಲಿ ನೆಲೆಗೊಂಡ ಕೆಲವು ಶಬ್ದಗಳನ್ನು ನೋಡಿದರೆ ಈ ಕಷ್ಟದ ಸ್ವರೂಪ ತಿಳಿಯುತ್ತದೆ.

ಮೊದಲನೆಯದು ಮುಕ್ತಿಯ ಪ್ರಶ್ನೆ. ಮೋಕ್ಷ ಎಂಬ ಶಬ್ದ ಕನ್ನಡಿಗರಿಗೆ ಚಿರಪರಿಚಿತ. ಆದರೆ ಅದರೊಂದಿಗೆ ಜನ್ಮಜನ್ಮಾಂತರಗಳಿಂದ ಬಿಡುಗಡೆ ಎಂಬ ಭಾವವೂ ಬರುತ್ತದೆ. ಬೈಬಲ್ಲಿನ ಕಲ್ಪನೆ ಬೇರೆ. ಹೀಗಾಗಿ ಕನ್ನಡ ಸತ್ಯವೇದದಲ್ಲಿ ನೆಲೆನಿಂತದ್ದು ರಕ್ಷಣೆ ಎಂಬ ಶಬ್ದ. ಪಾಪ ಎಂಬ ಶಬ್ದವನ್ನು ಬಿಟ್ಟುಕೊಡಲು ಸಾಧ್ಯವಿರಲಿಲ್ಲ. ಅದನ್ನು ಉಳಿಸಿಕೊಂಡು, ಸಂದರ್ಭದ ಮೂಲಕವೇ ಹೊಸ ಅರ್ಥಛಾಯೆಯನ್ನು ಕೊಡಬೇಕಾಯಿತು.

ಎರಡನೆಯದು ಸಂಸ್ಕಾರದ ಹೆಸರು. ಬ್ಯಾಪ್ಟಿಸಂ ಎಂಬ ಶಬ್ದದ ಅನುವಾದ ಆ ಕಾಲದ ಭಾರತದಲ್ಲಿ ಮಿಷನ್ನುಗಳ ನಡುವೆಯೇ ದೊಡ್ಡ ವಿವಾದವಾಗಿತ್ತು. ನೀರಿನಲ್ಲಿ ಮುಳುಗಿಸುವುದು ಎಂಬ ಅರ್ಥ ಬರಲೇಬೇಕೆಂದು ಸೆರಾಂಪುರದ ಬ್ಯಾಪ್ಟಿಸ್ಟರು ವಾದಿಸಿದರು, ಉಳಿದವರು ಒಪ್ಪಲಿಲ್ಲ. ಕೊನೆಗೆ ಬ್ಯಾಪ್ಟಿಸ್ಟರು 1840ರಲ್ಲಿ ತಮ್ಮದೇ ಪ್ರತ್ಯೇಕ ಅನುವಾದ ಸಂಸ್ಥೆಯನ್ನು ಕಟ್ಟಿಕೊಂಡರು. ಕನ್ನಡದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಳಕೆಗೆ ಬಂದದ್ದು ದೀಕ್ಷಾಸ್ನಾನ. ದೀಕ್ಷೆ ಎಂಬುದು ಶರಣ ಪರಂಪರೆಯ ನಾಡಾದ ಬಳ್ಳಾರಿ ಸೀಮೆಗೆ ಹೊಸತೇನಲ್ಲ. ಕಥೋಲಿಕರಲ್ಲಿ ಜ್ಞಾನಸ್ನಾನ ಎಂಬ ಹೆಸರು ರೂಢಿಯಾಯಿತು. ಒಂದೇ ಸಂಸ್ಕಾರಕ್ಕೆ ಎರಡು ಹೆಸರು. ಎರಡರ ಹಿಂದೆಯೂ ಬೇರೆ ಬೇರೆ ಒತ್ತು.

ಮೂರನೆಯದು ಗೌರವದ ಪ್ರಶ್ನೆ. ಮೂಲದ ಗ್ರೀಕ್ ಭಾಷೆಯಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಸರ್ವನಾಮ. ಕನ್ನಡದಲ್ಲಿ ಅವನು, ಆತನು, ಅವರು ಎಂಬ ಮೂರು ಮೆಟ್ಟಿಲುಗಳಿವೆ. ಯೇಸುವಿಗೆ ಯಾವುದು? ಸತ್ಯವೇದ ಆತನು ಎಂಬ ನಡುವಿನ ಮೆಟ್ಟಿಲನ್ನು ಆರಿಸಿಕೊಂಡಿತು. ಕಥೋಲಿಕರೂ ಬಳಸುವ ಇತ್ತೀಚಿನ ಸಾಮಾನ್ಯ ಭಾಷೆಯ ಅನುವಾದದಲ್ಲಿ ಅವರು ಎಂಬ ಬಹುವಚನ ಬಂದಿದೆ. ದೇವರನ್ನು ಮಾತ್ರ ನೀನು ಎಂದೇ ಕರೆಯಲಾಯಿತು. ವಚನಕಾರರೂ ದಾಸರೂ ತಮ್ಮ ದೈವವನ್ನು ನೀನು ಎಂದೇ ಕರೆದ ಭಾಷೆಯಲ್ಲಿ ಇದು ಯಾರಿಗೂ ಅಗೌರವವೆನಿಸಲಿಲ್ಲ.

ನಾಲ್ಕನೆಯದು ಊಟದ ಮಾತು. ಪಲೆಸ್ತೀನಿನ ಜನರ ನಿತ್ಯದ ಆಹಾರಕ್ಕೆ ಕನ್ನಡ ಸತ್ಯವೇದದಲ್ಲಿ ರೊಟ್ಟಿ ಎಂಬ ಶಬ್ದ ಬಂದಿದೆ. ಅಲ್ಲಿನ ರೊಟ್ಟಿ ಜವೆ ಅಥವಾ ಗೋಧಿಯದು. ಬಳ್ಳಾರಿಯ ರೊಟ್ಟಿ ಜೋಳದ್ದು. ಆದರೂ ಹಸಿದವನ ಕೈಗೆ ಬರುವ ಮೊದಲ ತುತ್ತು ಎಂಬ ಅರ್ಥದಲ್ಲಿ ಎರಡೂ ಒಂದೇ. ಐದು ರೊಟ್ಟಿಗಳಿಂದ ಐದು ಸಾವಿರ ಜನರು ಉಂಡು ತೃಪ್ತರಾದ ಕಥೆಯನ್ನು ಜೋಳದ ನಾಡಿನ ಕೇಳುಗರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಟಿಪ್ಪಣಿಯಿಲ್ಲದ ಗ್ರಂಥ

ಅನುವಾದದ ಕೆಲಸ ಹಂತ ಹಂತವಾಗಿ ನಡೆಯಿತು. ಮೊದಲು ಸುವಾರ್ತೆಗಳು, ಅನಂತರ 1820ರ ದಶಕದ ಆರಂಭದಲ್ಲಿ ಹೊಸ ಒಡಂಬಡಿಕೆ, ಕೊನೆಗೆ 1831ರಲ್ಲಿ ಸಂಪೂರ್ಣ ಬೈಬಲ್. ಅದೇ ಅವಧಿಯಲ್ಲಿ ಸೆರಾಂಪುರದ ಮಿಷನರಿಗಳೂ ಕನ್ನಡದ ಹೊಸ ಒಡಂಬಡಿಕೆಯನ್ನು ಹೊರತಂದರು. 1812ರಲ್ಲಿ ಸೆರಾಂಪುರದ ಮುದ್ರಣಾಲಯ ಬೆಂಕಿಗೆ ಆಹುತಿಯಾಗಿ, ಹಲವು ಭಾಷೆಗಳ ಹಸ್ತಪ್ರತಿಗಳೂ ಅಚ್ಚುಮೊಳೆಗಳೂ ನಾಶವಾಗಿದ್ದವು. ಆದರೆ ಸೆರಾಂಪುರ ಕನ್ನಡ ನಾಡಿನಿಂದ ಬಹುದೂರ. ಕನ್ನಡಿಗರ ನಡುವೆಯೇ ಕುಳಿತು, ಬರೆದದ್ದನ್ನು ಅಂದೇ ಓದಿ ಕೇಳಿಸಿ, ಕೇಳಿದವರ ಮುಖ ನೋಡಿ ತಿದ್ದುವ ಅನುಕೂಲ ಹ್ಯಾಂಡ್ಸ್ ಅವರಿಗಿತ್ತು. ಬಳ್ಳಾರಿಯ ಅನುವಾದದ ಬಲ ಅದರಲ್ಲಿತ್ತು.

ಈ ಕಾರ್ಯಕ್ಕೆ ಬೆನ್ನೆಲುಬಾಗಿ ನಿಂತದ್ದು 1804ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸೊಸೈಟಿ. ಆ ಸಂಸ್ಥೆಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ತಾನು ಪ್ರಕಟಿಸುವ ಬೈಬಲ್ಲಿನಲ್ಲಿ ಮೂಲ ಪಠ್ಯವಷ್ಟೇ ಇರಬೇಕು. ಟೀಕೆ, ಟಿಪ್ಪಣಿ, ವ್ಯಾಖ್ಯಾನ ಯಾವುದೂ ಇರಕೂಡದು. ಬೇರೆ ಬೇರೆ ಪಂಗಡಗಳ ಜನ ಒಂದೇ ಸಂಸ್ಥೆಗೆ ಹಣ ಕೊಡುತ್ತಿದ್ದುದರಿಂದ, ಯಾವ ಪಂಗಡದ ವ್ಯಾಖ್ಯಾನವೂ ಒಳಗೆ ನುಸುಳದಂತೆ ಮಾಡಿದ ವ್ಯವಸ್ಥೆ ಅದು.

ಈ ನಿಯಮದ ಪರಿಣಾಮ ಬಳ್ಳಾರಿಯಲ್ಲಿ ವಿಚಿತ್ರವಾಗಿತ್ತು. ಇಂಗ್ಲೆಂಡಿನ ಓದುಗನಿಗೆ ಶತಮಾನಗಳ ಪ್ರವಚನಗಳ ಹಿನ್ನೆಲೆಯಿತ್ತು. ಬಳ್ಳಾರಿಯ ಓದುಗನಿಗೆ ಫರಿಸಾಯರು ಯಾರು, ಸಮಾರ್ಯ ಎಲ್ಲಿದೆ, ಪಸ್ಕಹಬ್ಬವೆಂದರೇನು ಎಂಬುದನ್ನು ಪುಸ್ತಕ ತಾನಾಗಿ ಹೇಳುತ್ತಿರಲಿಲ್ಲ. ನಮ್ಮ ನಾಡಿನ ಪದ್ಧತಿಯಂತೂ ಇದಕ್ಕೆ ತದ್ವಿರುದ್ಧವಾದದ್ದು. ಇಲ್ಲಿ ಮೂಲಗ್ರಂಥದೊಡನೆ ಟೀಕೆ ಇರುತ್ತದೆ. ಕಾವ್ಯವನ್ನು ಒಬ್ಬರು ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನಿಸುತ್ತಾರೆ. ಬರಿಯ ಮೂಲವನ್ನು ಕೈಗಿತ್ತು ಓದಿಕೊಳ್ಳಿ ಎನ್ನುವುದು ಗಮಕದ ನಾಡಿಗೆ ಅಪರಿಚಿತ.

ಈ ಕೊರತೆಯನ್ನು ತುಂಬಲು ಎರಡು ದಾರಿಗಳನ್ನು ಹಿಡಿಯಲಾಯಿತು. ಮೊದಲನೆಯದು ಕರಪತ್ರ. 1817ರಲ್ಲಿ ಬಳ್ಳಾರಿಯಲ್ಲಿ ಕರಪತ್ರ ಸಂಘವೊಂದು ಹುಟ್ಟಿಕೊಂಡಿತು. ಸಣ್ಣ ಸಣ್ಣ ಪುಸ್ತಿಕೆಗಳು ಊರೂರಿಗೆ ಹೋದವು. ಹಂಪಿಯ ಜಾತ್ರೆಗೂ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರು ಹೋಗಿ ಹಂಚಿದರು. ಎರಡನೆಯದು ಕೂಡಿ ಓದುವ ಕೂಟ. ಓದು ಬಲ್ಲ ಒಬ್ಬನ ಸುತ್ತ ಓದು ಬಾರದ ಹತ್ತು ಮಂದಿ ಕುಳಿತು ಕೇಳುವುದು, ತಿಳಿಯದ ಶಬ್ದ ಬಂದಲ್ಲಿ ನಿಲ್ಲಿಸಿ ಕೇಳುವುದು, ಬಲ್ಲವರು ಬಿಡಿಸಿ ಹೇಳುವುದು. ಅಚ್ಚಿನ ಪುಟದಲ್ಲಿ ಜಾಗವಿಲ್ಲದ ಟಿಪ್ಪಣಿ ಜನರ ಮಾತಿನಲ್ಲಿ ಜಾಗ ಪಡೆಯಿತು. ಇಂದು ಆಳವಾದ ಬೈಬಲ್ ಅಧ್ಯಯನ ಎಂದು ಸಭೆಗಳು ಕರೆಯುವ ಕೂಟದ ಮೂಲ ಅಗತ್ಯ ಇದೇ ಆಗಿದೆ. ಅನುವಾದಕನು ಅರ್ಧ ಕೆಲಸ ಮಾಡಬಲ್ಲ; ಉಳಿದ ಅರ್ಧವನ್ನು ಓದುಗರು ಕೂಡಿ ಮಾಡಬೇಕು.

ಜೊತೆಗೆ ದುಡಿದವರು

ಹ್ಯಾಂಡ್ಸ್ ಒಬ್ಬರೇ ಎಲ್ಲವನ್ನೂ ಮಾಡಿದರೆಂದು ಹೇಳಿದರೆ ಅದು ಚರಿತ್ರೆಗೆ ಅಪಚಾರ. 1816ರಲ್ಲಿ ಬಳ್ಳಾರಿಗೆ ಬಂದ ವಿಲಿಯಂ ರೀವ್ ಅವರು ಅನುವಾದದಲ್ಲಿ ನೆರವಾದುದಲ್ಲದೆ, ಆ ಕಾರ್ಯದ ನಡುವೆ ಸಂಗ್ರಹವಾದ ಶಬ್ದಸಂಪತ್ತನ್ನು ನಿಘಂಟಿನ ರೂಪಕ್ಕೆ ತಂದರು. ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ, ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲಿ ಅಚ್ಚಾದವು. ಕಿಟೆಲ್ ಅವರಿಗೂ ರೀವ್ ಪೂರ್ವಸೂರಿ. ಭಾರತದಲ್ಲಿಯೇ ಹುಟ್ಟಿ ಬೆಳೆದ ಜೋಸೆಫ್ ಟೇಲರ್ ಅವರು ಬಳ್ಳಾರಿಯಲ್ಲಿ ಹ್ಯಾಂಡ್ಸ್ ಅವರೊಡನೆ ದುಡಿದು, 1820ರಲ್ಲಿ ಬೆಳಗಾವಿಗೆ ತೆರಳಿ ಅಲ್ಲಿ ಮಿಷನ್ ಆರಂಭಿಸಿದರು. ತಮಿಳು ಮೂಲದ ಬೋಧಕ ಸ್ಯಾಮ್ಯುಯೆಲ್ ಫ್ಲಾವೆಲ್ ಅವರು ಬಳ್ಳಾರಿಯ ತಮಿಳು ಸಭೆಯನ್ನು ವರ್ಷಗಳ ಕಾಲ ನಡೆಸಿ 1847ರಲ್ಲಿ ಇಲ್ಲಿಯೇ ನಿಧನರಾದರು.

ಇವರೆಲ್ಲರಿಗಿಂತ ಹಿಂದೆ ನಿಂತವರು ಮುನ್ಷಿಗಳು. ಕ್ರೈಸ್ತಧರ್ಮವನ್ನು ಸ್ವೀಕರಿಸದೆ, ಸಂಬಳಕ್ಕಾಗಿ ಭಾಷೆ ಕಲಿಸುತ್ತಿದ್ದ ವಿದ್ವಾಂಸರು ಆ ಕಾಲದ ಮಿಷನ್ ಮನೆಗಳಲ್ಲೆಲ್ಲ ಇದ್ದರು. ಒಂದು ವಾಕ್ಯ ಕನ್ನಡವೆನಿಸುತ್ತದೆಯೋ ಇಲ್ಲವೋ ಎಂಬ ಕೊನೆಯ ಮಾತು ಅವರದಾಗಿತ್ತು. ಕನ್ನಡ ಬೈಬಲ್ಲಿನ ಶೀರ್ಷಿಕೆ ಪುಟದಲ್ಲಿ ಹ್ಯಾಂಡ್ಸ್ ಅವರ ಹೆಸರಿಗೆ ಹೇಗೆ ಸ್ಥಳವಿರಲಿಲ್ಲವೋ ಅವರ ಹೆಸರಿಗೂ ಹಾಗೆಯೇ ಇರಲಿಲ್ಲ. ಆದರೆ ಹ್ಯಾಂಡ್ಸ್ ಅವರ ಹೆಸರನ್ನು ಮಿಷನ್ನಿನ ವರದಿಗಳು ಕಾಪಾಡಿದವು. ಮುನ್ಷಿಗಳಿಗೆ ಆ ಭಾಗ್ಯವೂ ಇರಲಿಲ್ಲ.

ಮುದ್ರಣಾಲಯದಿಂದ ವೃತ್ತಪತ್ರಿಕೆಗೆ

ಬಳ್ಳಾರಿಯಿಂದ ಮದರಾಸಿಗೆ ಸುಮಾರು 500 ಕಿಲೋಮೀಟರ್. ರೈಲಿಲ್ಲದ ಆ ಕಾಲದಲ್ಲಿ ಒಂದು ಕರಡನ್ನು ತಿದ್ದಲು ಕಳುಹಿಸಿ ಮರಳಿ ಪಡೆಯುವುದೆಂದರೆ ವಾರಗಟ್ಟಲೆ ಕಾಯಬೇಕಿತ್ತು. 1820ರ ದಶಕದಲ್ಲಿ ಬಳ್ಳಾರಿಯಲ್ಲಿಯೇ ಮಿಷನ್ ಮುದ್ರಣಾಲಯ ನೆಲೆಗೊಂಡ ಮೇಲೆ ಈ ಕಷ್ಟ ನೀಗಿತು. ಕನ್ನಡ ಮುದ್ರಣದ ಚರಿತ್ರೆಯಲ್ಲಿ ಬಳ್ಳಾರಿಗೆ ಒಂದು ಸ್ಥಾನ ದೊರೆಯಿತು.

ಆ ಸ್ಥಾನದ ಫಲ ಧರ್ಮದ ಎಲ್ಲೆಯನ್ನೂ ಮೀರಿತು. ಹೆರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಮಂಗಳೂರಿನಲ್ಲಿ ಆರಂಭಿಸಿದ ಮಂಗಳೂರ ಸಮಾಚಾರ, ಕನ್ನಡದ ಮೊದಲ ಪತ್ರಿಕೆಯೆಂದು ಎಲ್ಲರಿಗೂ ತಿಳಿದಿದೆ. ಅದು ಅಲ್ಲಿ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. 1844ರಲ್ಲಿ ಅದೇ ಪತ್ರಿಕೆ ಕನ್ನಡ ಸಮಾಚಾರ ಎಂಬ ಹೆಸರು ತಳೆದು ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಬೈಬಲ್ಲಿಗಾಗಿ ಊರಿಗೆ ಬಂದ ಅಚ್ಚುಮೊಳೆ ಸುದ್ದಿಯನ್ನೂ ಮುದ್ರಿಸಿತು. ಇಂದು ಸುದ್ದಿಯನ್ನು ಓದುವ ಪ್ರತಿಯೊಬ್ಬ ಕನ್ನಡಿಗನೂ ಆ ಮುದ್ರಣಾಲಯಕ್ಕೆ ಒಂದಿಷ್ಟು ಋಣಿ ಎಂದರೆ ಅತಿಶಯೋಕ್ತಿಯಲ್ಲ.

ತಿದ್ದಿಸಿಕೊಂಡ ಬದುಕು

ಹ್ಯಾಂಡ್ಸ್ ಅವರ ಬಾಳಿನ ಸಾಧನೆಯನ್ನು ಮತಾಂತರಗೊಂಡವರ ಸಂಖ್ಯೆಯಲ್ಲಿ ಅಳೆಯಲು ಹೊರಟರೆ ನಿರಾಶೆಯಾಗುತ್ತದೆ. ಮೊದಲ ವರ್ಷಗಳ ಸಭೆಯಲ್ಲಿ ಇದ್ದವರು ಬಹುಪಾಲು ದಂಡಿನ ಸಿಪಾಯಿಗಳು ಮತ್ತು ಅವರ ಕುಟುಂಬದವರು. ಊರಿನ ಜನರು ಅವರ ಮಾತನ್ನು ಆಲಿಸಿದರು, ವಾದಿಸಿದರು, ಪುಸ್ತಕಗಳನ್ನು ಪಡೆದುಕೊಂಡರು. ಧರ್ಮ ಬದಲಿಸಿದವರು ಅತ್ಯಲ್ಪ. ಕಂಪನಿಯ ಆಳ್ವಿಕೆಯ ನೆರಳಿನಲ್ಲಿ ಬಂದ ಧರ್ಮದ ಬಗ್ಗೆ ಸ್ಥಳೀಯರಿಗೆ ಸಂಶಯವಿದ್ದುದೂ ಸಹಜವೇ.

ಅವರ ಮುಖ್ಯ ಕೃತಿಯೂ ಅವರ ಕಣ್ಣೆದುರೇ ತಿದ್ದುಪಡಿಗೆ ಒಳಗಾಯಿತು. 1831ರ ಅನುವಾದದ ಭಾಷೆ ಇನ್ನೂ ಹದವಾಗಬೇಕೆಂಬ ಅಭಿಪ್ರಾಯ ಕೆಲವೇ ವರ್ಷಗಳಲ್ಲಿ ಮೂಡಿತು. 1840ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಅವರು ಹೊಸ ಪರಿಷ್ಕರಣೆಯನ್ನು ಕೈಗೆತ್ತಿಕೊಂಡರು. ಕನ್ನಡ ಸಾಹಿತ್ಯವನ್ನು ಆಳವಾಗಿ ಅಭ್ಯಾಸ ಮಾಡಿದ್ದ ವೈಗ್ಲೆ 1855ರಲ್ಲಿ ತೀರಿಕೊಂಡ ನಂತರವೂ ಬೇರೆ ಬೇರೆ ಮಿಷನ್ನುಗಳ ವಿದ್ವಾಂಸರು ಕೂಡಿ ಕೆಲಸ ಮುಂದುವರಿಸಿದರು. ಬೆಂಗಳೂರಿನ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರೂ ಅದರಲ್ಲಿದ್ದರು. 1860ರ ದಶಕದಲ್ಲಿ ಪರಿಷ್ಕೃತ ಬೈಬಲ್ ಪೂರ್ಣಗೊಂಡಿತು. ಬೆಂಜಮಿನ್ ರೈಸ್ ಅವರ ಮಗ, ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಅವರು ಇಪ್ಪತ್ತನೆಯ ಶತಮಾನದ ಪರಿಷ್ಕರಣೆಯಲ್ಲಿ ದುಡಿದರು.

ಇಪ್ಪತ್ತು ವರ್ಷ ದುಡಿದು ಕಟ್ಟಿದ್ದನ್ನು ಮುಂದಿನವರು ಕೆಡವಿ ಕಟ್ಟಿದರು ಎಂದು ಇದನ್ನು ನೋಡಬಹುದು. ಆದರೆ ಹ್ಯಾಂಡ್ಸ್ ತಾವೇ ತಮ್ಮ ಅನುವಾದವನ್ನು ಮತ್ತೆ ಮತ್ತೆ ತಿದ್ದಿಕೊಂಡವರು. ಮೊದಲ ಅನುವಾದವಿಲ್ಲದೆ ಪರಿಷ್ಕರಣೆಯಿಲ್ಲ. ವೈಗ್ಲೆ ಮತ್ತು ಅವರ ನಂತರದವರಿಗೆ ತಿದ್ದಲು, ಹೋಲಿಸಲು, ಒಪ್ಪಲು, ತಿರಸ್ಕರಿಸಲು ಒಂದು ಪೂರ್ಣ ಪಠ್ಯ ಕೈಯಲ್ಲಿತ್ತು. ಹ್ಯಾಂಡ್ಸ್ ಅವರಿಗೆ ಅದೂ ಇರಲಿಲ್ಲ.

ಬಾಳಿನ ಹುರುಪಿನ ವರ್ಷಗಳನ್ನು ಬಳ್ಳಾರಿಗೆ ಕೊಟ್ಟ ಹ್ಯಾಂಡ್ಸ್, ಕೊನೆಗಾಲವನ್ನು ಐರ್ಲೆಂಡಿನಲ್ಲಿ ಕಳೆದು 1864ರಲ್ಲಿ ಅಲ್ಲಿಯೇ ನಿಧನರಾದರು. ಅಷ್ಟು ಹೊತ್ತಿಗೆ ಅವರು ಮೊದಲಿಟ್ಟ ಅನುವಾದದ ಕೆಲಸ ಮೂರನೆಯ ತಲೆಮಾರಿನ ಕೈಗೆ ಹೋಗಿತ್ತು.

ಇಂದಿನ ಕೂಟಗಳಿಗೆ ಉಳಿದ ಪಾಠ

ಬೈಬಲ್ ಅಧ್ಯಯನ ಕೂಟಗಳು ಇಂದು ಹಿಂದಿಗಿಂತ ಅನುಕೂಲಸ್ಥವಾಗಿವೆ. ಕನ್ನಡದಲ್ಲಿ ಒಂದಕ್ಕಿಂತ ಹೆಚ್ಚು ಅನುವಾದಗಳಿವೆ. ಮೊಬೈಲಿನಲ್ಲಿ ಹತ್ತಾರು ಭಾಷೆಗಳ ಬೈಬಲ್ ಕ್ಷಣಮಾತ್ರದಲ್ಲಿ ತೆರೆಯುತ್ತದೆ. ಬಳ್ಳಾರಿ ಸೀಮೆಯ ಓದುಗರಿಗಂತೂ ಇನ್ನೊಂದು ಸೌಲಭ್ಯ ಮನೆಯಲ್ಲಿಯೇ ಇದೆ. ಸಿರುಗುಪ್ಪ, ತೆಕ್ಕಲಕೋಟೆಗಳ ಕಡೆ ಕನ್ನಡ ತೆಲುಗು ಎರಡನ್ನೂ ಬಲ್ಲವರು ಹೇರಳ. ತೆಲುಗಿನಲ್ಲಿ ನಾವು ಎನ್ನಲು ಎರಡು ಶಬ್ದಗಳಿವೆ. ಕೇಳುವವರನ್ನೂ ಸೇರಿಸಿಕೊಂಡರೆ ಮನಮು; ಅವರನ್ನು ಬಿಟ್ಟು ಹೇಳಿದರೆ ಮೇಮು. ಕನ್ನಡದಲ್ಲಿ ಎರಡಕ್ಕೂ ನಾವು ಒಂದೇ. ಪೌಲನು ತನ್ನ ಪತ್ರಗಳಲ್ಲಿ ನಾವು ಎಂದು ಬರೆದಾಗ ಓದುಗರನ್ನೂ ಸೇರಿಸಿದ್ದನೋ, ತನ್ನ ಸಂಗಡಿಗರನ್ನಷ್ಟೇ ಹೇಳಿದ್ದನೋ ಎಂಬ ಪ್ರಶ್ನೆಯನ್ನು ಕನ್ನಡ ಅನುವಾದಕ ಬಗೆಹರಿಸದೆ ಮುಂದೆ ಹೋಗಬಹುದು. ತೆಲುಗು ಅನುವಾದಕ ಬಗೆಹರಿಸಲೇಬೇಕು. ಎರಡು ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದ ಕೂಟಕ್ಕೆ ಆ ಪ್ರಶ್ನೆ ತಾನಾಗಿ ಎದುರಾಗುತ್ತದೆ. ಉತ್ತರಕ್ಕಾಗಿ ಹಿಂದಿನ ವಾಕ್ಯ, ಮುಂದಿನ ವಾಕ್ಯ, ಇಡೀ ಪತ್ರದ ಸಂದರ್ಭವನ್ನು ನೋಡಬೇಕಾಗುತ್ತದೆ.

ಆಳವಾದ ಅಧ್ಯಯನವೆಂದರೆ ಇದಕ್ಕಿಂತ ಬೇರೆಯೇನಲ್ಲ. ಒಂದು ವಾಕ್ಯವನ್ನು ಅದರ ಅಧ್ಯಾಯದಿಂದ ಕಿತ್ತು ತೆಗೆಯದೆ ಓದುವುದು, ಒಂದು ಶಬ್ದ ಬೇರೆಡೆ ಎಲ್ಲೆಲ್ಲಿ ಬಂದಿದೆ ಎಂದು ಹುಡುಕುವುದು, ಒಂದು ಅನುವಾದವನ್ನು ಇನ್ನೊಂದರೊಡನೆ ಹೋಲಿಸುವುದು, ತಿಳಿಯದಿದ್ದಲ್ಲಿ ನಿಲ್ಲುವುದು. ಎರಡು ಶತಮಾನಗಳ ಹಿಂದೆ ಬಳ್ಳಾರಿಯ ಮಿಷನ್ ಮನೆಯಲ್ಲಿ ಹ್ಯಾಂಡ್ಸ್ ಮತ್ತು ಅವರ ಮುನ್ಷಿಗಳು ಪ್ರತಿದಿನ ಮಾಡಬೇಕಾಗಿದ್ದ ಕೆಲಸವೂ ಇದೇ. 1823ರ ಕ್ಯಾಂಪ್‌ಬೆಲ್ ವರದಿ ಕಂಡ ಹಾಗೆ ಅರ್ಥವಿಲ್ಲದ ಕಂಠಪಾಠ ಸುಲಭ. ಅದು ಯಾವ ಧರ್ಮದ ಗ್ರಂಥಕ್ಕೂ ತಪ್ಪಿದ್ದಲ್ಲ. ವಾಕ್ಯವನ್ನು ಬಾಯಿಪಾಠ ಮಾಡಿ ಒಪ್ಪಿಸುವ ಮಕ್ಕಳಿಗೆ ಅದರ ಅರ್ಥವನ್ನೂ ಕೇಳುವ ಹಿರಿಯರಿರುವ ಕೂಟಗಳಲ್ಲಿ ಹ್ಯಾಂಡ್ಸ್ ಅವರ ಕೆಲಸ ಮುಂದುವರಿಯುತ್ತಿದೆ. ಅವರ 1831ರ ವಾಕ್ಯಗಳು ಇಂದಿನ ಸತ್ಯವೇದದಲ್ಲಿ ಹಾಗೆಯೇ ಉಳಿದಿಲ್ಲ. ಅವುಗಳನ್ನು ತೂಗಿ ನೋಡಿ ತಿದ್ದುವ ಪದ್ಧತಿ ಉಳಿದಿದೆ.